ಗುಹೆಯೊಳಗೆ ಏನಾಯ್ತು?

'ಡ್ಯೂನ್' ಬಂದಾಗ ನಮ್ಮ ನ್ಯೂಸ್‌ರೂಮ್‌ನಲ್ಲಿ ಒಂದು ವಾದ ಶುರುವಾಯ್ತು. ಇಂಥ ವೈಜ್ಞಾನಿಕ ಕಾದಂಬರಿಗಳನ್ನ ಕನ್ನಡದಲ್ಲಿ ಯಾಕೆ ಸಿನಿಮಾ ಮಾಡಲ್ಲ? ಎಲ್ಲರದ್ದೂ ಒಂದೇ ಉತ್ತರ: ದುಡ್ಡಿಲ್ಲ ಸಾರ್. ನಾನು ಒಪ್ಪಲಿಲ್ಲ. ಯಾಕೆ ಅಂತ ಹೇಳೋಕೆ ನಿಮ್ಮನ್ನ ಮಾಗಡಿಗೆ ಕರ್ಕೊಂಡು ಹೋಗಬೇಕು.

ರಾಮನಗರದ ಬಂಡೆ ಅಂದ್ರೆ ನಮಗೆಲ್ಲ 'ಶೋಲೆ'. ಆದರೆ ಅಲ್ಲೇ, ಮಾಗಡಿ ಹತ್ತಿರದ ಸಾವನದುರ್ಗದಲ್ಲೂ ಸೇರಿ, ಇನ್ನೊಂದು ದೊಡ್ಡ ಚಿತ್ರದ ಶೂಟಿಂಗ್ ನಡೆದಿತ್ತು. ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ'. ಇ.ಎಂ. ಫಾರ್ಸ್ಟರ್ ಈ ಕಾದಂಬರಿ ಬರೆದದ್ದು 1924ರಲ್ಲಿ. ಅದರ ಜೀವ ಇರೋದು ಒಂದು ಗುಹೆಯಲ್ಲಿ. ಇಂಗ್ಲಿಷ್ ಯುವತಿ ಅಡೆಲಾ ಗುಹೆಯೊಳಗೆ ಹೋಗ್ತಾಳೆ, ಬೆದರಿ ಓಡಿ ಬರ್ತಾಳೆ, ಡಾಕ್ಟರ್ ಅಜೀಜ್ ಜೈಲು ಸೇರ್ತಾನೆ. ಒಳಗೆ ಏನಾಯ್ತು? ಲೇಖಕರು ಕೊನೆತನಕ ಹೇಳಲ್ಲ.

ಪುಸ್ತಕಕ್ಕೆ ಈ ಮೌನ ಒಪ್ಪುತ್ತೆ. ಕ್ಯಾಮೆರಾ ಏನು ಮಾಡಬೇಕು? ಫಾರ್ಸ್ಟರ್‌ಗೆ ಪ್ರೇರಣೆಯಾದದ್ದು ಬಿಹಾರದ ಬರಾಬರ್ ಗುಹೆಗಳು. ಲೀನ್ ಆರಿಸಿಕೊಂಡದ್ದು ನಮ್ಮ ಬೋಳು ಬಂಡೆ. ಇನ್ನೂ ಮುಖ್ಯವಾದ ಕೆಲಸ ಏನಂದ್ರೆ, ಕಾದಂಬರಿಯಲ್ಲಿ ಇಲ್ಲದ ಒಂದು ದೃಶ್ಯ ಸೇರಿಸಿದರು. ಅಡೆಲಾ ಸೈಕಲ್ ತುಳಿದುಕೊಂಡು ಹಾಳುಬಿದ್ದ ದೇವಸ್ಥಾನಕ್ಕೆ ಹೋಗ್ತಾಳೆ, ಮಿಥುನ ಶಿಲ್ಪಗಳನ್ನ ನೋಡ್ತಾಳೆ, ಕೋತಿಗಳಿಗೆ ಹೆದರಿ ವಾಪಸ್ ಬರ್ತಾಳೆ. ಅವಳ ಮನಸ್ಸಿನ ಗೊಂದಲ ಮಾತಿಲ್ಲದೆ ನಮಗೆ ಗೊತ್ತಾಗಿಬಿಡುತ್ತೆ. ಗುಹೆಯ ಗುಟ್ಟು ಮಾತ್ರ ಗುಟ್ಟಾಗೇ ಉಳಿಯುತ್ತೆ.

ಈಗ ತಮಾಷೆ ನೋಡಿ. ಅಮೆರಿಕದಲ್ಲಿ ಈ ಸಿನಿಮಾ ತೆರೆಕಂಡದ್ದು 1984ರ ಡಿಸೆಂಬರ್ 14ಕ್ಕೆ. ಅದೇ ದಿನ ಡೇವಿಡ್ ಲಿಂಚ್ ಅವರ 'ಡ್ಯೂನ್' ಕೂಡ ಬಂತು. ಫ್ರಾಂಕ್ ಹರ್ಬರ್ಟ್ ಅವರ 1965ರ ಕಾದಂಬರಿ ಅದು. ಮರಳುಗಾಡಿನ ಗ್ರಹ, ರಾಜಮನೆತನಗಳು, ಧರ್ಮ, ನೀರು, ಪ್ರತಿ ಪಾತ್ರದ ತಲೆಯೊಳಗಿನ ಯೋಚನೆ. ದುಡ್ಡಿಗೆ ಬರ ಇರಲಿಲ್ಲ, ಸುಮಾರು 4 ಕೋಟಿ ಡಾಲರ್ ಸುರಿದಿದ್ದರು. ಆದರೆ ಎಲ್ಲವನ್ನೂ 137 ನಿಮಿಷಕ್ಕೆ ತುರುಕಿದರು, ಪಾತ್ರಗಳ ಯೋಚನೆಯನ್ನ ಪಿಸುಮಾತಲ್ಲಿ ಕೇಳಿಸಿದರು. ಪ್ರೇಕ್ಷಕರು ಸುಸ್ತಾದರು, ಸಿನಿಮಾ ಸೋತಿತು. ಮುಂದೆ ಡೆನಿ ವಿಲ್ನೆವ್ ಅದೇ ಪುಸ್ತಕವನ್ನ ಎರಡು ಭಾಗ ಮಾಡಿ, 2021 ಮತ್ತು 2024ರಲ್ಲಿ ತಂದು ಗೆದ್ದರು. ತಲೆಯೊಳಗಿನ ಮಾತು ಬಿಟ್ಟು ಮುಖ, ಮೌನ, ಮರಳನ್ನ ನಂಬಿದರು.

ನಾನು ಎಂಜಿನಿಯರಿಂಗ್ ಓದಿದವನು. ದೊಡ್ಡ ಫೈಲನ್ನ ಚಿಕ್ಕದು ಮಾಡಿದರೆ ಏನೋ ಒಂದು ಹೋಗೇ ಹೋಗುತ್ತೆ. ಏನು ಹೋಗಬೇಕು ಅನ್ನೋದನ್ನ ನಾವು ತೀರ್ಮಾನ ಮಾಡದಿದ್ರೆ, ಯಾವುದು ಉಳಿಯಬೇಕಿತ್ತೋ ಅದೇ ಹೋಗುತ್ತೆ.

ನಮ್ಮ ತೇಜಸ್ವಿಯವರ 'ಕರ್ವಾಲೊ' ತಗೊಳ್ಳಿ. ಹಾರುವ ಓತಿಯನ್ನ ಇವತ್ತು ನಮ್ಮ ಹುಡುಗರೇ ಗ್ರಾಫಿಕ್ಸ್‌ನಲ್ಲಿ ಮಾಡಿಕೊಡ್ತಾರೆ. ಆದರೆ ಊರವರು ಲೆಕ್ಕಕ್ಕಿಡದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ನಿಸರ್ಗ ತಜ್ಞನನ್ನ ಕಾಣ್ತಾರಲ್ಲ, ಆ ಕಣ್ಣನ್ನ ಯಾವ ಸಾಫ್ಟ್‌ವೇರ್ ಮಾಡಿಕೊಡುತ್ತೆ? ಓತಿ ಉಳಿದು ಆ ನೋಟ ಹೋದರೆ, ಕಾದಂಬರಿಯೇ ಹೋದಂಗೆ.

ಅದಕ್ಕೇ ಹೇಳ್ತೀನಿ, ದುಡ್ಡು ಆಮೇಲಿನ ಮಾತು. ಪುಸ್ತಕದಲ್ಲಿ ಯಾವುದನ್ನ ಬಿಡಬಾರದು ಅಂತ ಮೊದಲು ಗೊತ್ತಿರಬೇಕು. ಬಂಡೆಗಳು ಬೆಂಗಳೂರಿಂದ ಒಂದು ಗಂಟೆ ದೂರದಲ್ಲೇ ಇವೆ. ಕಾದಂಬರಿಗಳೂ ನಮ್ಮ ಕಪಾಟಿನಲ್ಲೇ ಇವೆ.