ಶಕಾರನೂ ಹಿಂಕೆಲನೂ: ಪ್ರಭುತ್ವವನ್ನು ನಗುವ ಚಿತ್ರಗಳ ಪೂರ್ವಚರಿತ್ರೆ

ಅಧಿಕಾರದ ದರ್ಪವನ್ನು ಹಾಸ್ಯಾಸ್ಪದವನ್ನಾಗಿ ಮಾಡಿ ಸಾಮಾನ್ಯನ ಸ್ವಾತಂತ್ರ್ಯವನ್ನು ಎತ್ತಿಹಿಡಿಯುವ ಚಲಚ್ಚಿತ್ರಗಳು ಪಾಶ್ಚಾತ್ಯರಿಂದ ನಮಗೆ ಬಂದ ವಸ್ತುವೆಂದೂ, ಭಾರತೀಯ ನಾಟ್ಯಪರಂಪರೆಯು ರಾಜನನ್ನು ನಗುವುದನ್ನು ಅರಿಯದೆಂದೂ ಹೇಳುವವರುಂಟು. ಯಂತ್ರವು ಅವರದೆಂಬುದು ನಿರ್ವಿವಾದ. ನಗೆಯೂ ಅವರದೇ ಎಂಬುದನ್ನು ಪರೀಕ್ಷಿಸದೆ ಒಪ್ಪಲಾಗದು.

ಲಕ್ಷಣಗ್ರಂಥಗಳೇನೋ ಆ ಪಕ್ಷಕ್ಕೆ ಅನುಕೂಲವಾಗಿಯೇ ಇವೆ. ಭರತಮುನಿಯು ಪ್ರಹಸನವನ್ನು ಶುದ್ಧವೆಂದೂ ಸಂಕೀರ್ಣವೆಂದೂ ವಿಭಾಗಿಸಿ, ತಾಪಸರು, ಭಿಕ್ಷುಗಳು, ವಿಪ್ರರು, ವಿಟಚೇಟರು, ವೇಶ್ಯೆಯರು ಇವರನ್ನು ಅದರ ಪಾತ್ರಗಳನ್ನಾಗಿ ಹೇಳಿರುವನು; ರಾಜನು ಆ ಪಟ್ಟಿಯಲ್ಲಿಲ್ಲ. ಕಾಪಾಲಿಕನನ್ನೂ ಬೌದ್ಧಭಿಕ್ಷುವನ್ನೂ ಒಂದು ಕಪಾಲಪಾತ್ರೆಗಾಗಿ ಜಗಳವಾಡಿಸುವ 'ಮತ್ತವಿಲಾಸ'ದ ಕರ್ತೃ ಮಹೇಂದ್ರವರ್ಮನು ಸ್ವತಃ ಪಲ್ಲವರಾಜನು. ನಗುವವನು ಸಿಂಹಾಸನದಲ್ಲಿರುವಾಗ ನಗೆಯು ಮೇಲಕ್ಕೇರುವುದೆಂತು? ಆದರೆ ಲಕ್ಷಣವನ್ನು ಲಕ್ಷ್ಯವು ಮೀರುವುದು ನಮ್ಮ ಸಾಹಿತ್ಯದಲ್ಲಿ ಹೊಸತಲ್ಲ. ಜಗದೀಶ್ವರನ 'ಹಾಸ್ಯಾರ್ಣವ'ದಲ್ಲಿ ಅನಯಸಿಂಧುವೆಂಬ ಅರಸನೇ ಪ್ರಧಾನಹಾಸ್ಯಪಾತ್ರವಾಗಿರುವನು. ರಾಜ್ಯದಲ್ಲಿ ಸಂಗತಿಗಳು ಕ್ರಮದಂತೆ ನಡೆಯುತ್ತಿವೆಯೆಂಬುದೇ ಅವನ ಸಂಕಟ. 1933ರಲ್ಲಿ ಮಾರ್ಕ್ಸ್ ಸಹೋದರರು ಅಭಿನಯಿಸಿದ 'ಡಕ್ ಸೂಪ್' ಚಿತ್ರದ ಫ್ರೀಡೋನಿಯಾ ದೇಶಾಧಿಪತಿಯು ಒಂದು ಕೆನ್ನೆಯೇಟಿನ ನೆವದಿಂದ ಯುದ್ಧವನ್ನೇ ಸಾರುವುದನ್ನು ಕಂಡವರಿಗೆ ಈ ಅನಯಸಿಂಧುವು ಅಪರಿಚಿತನೆನಿಸನು.

ಇದಕ್ಕಿಂತ ಬಲವಾದ ನಿದರ್ಶನವು ಶೂದ್ರಕನ 'ಮೃಚ್ಛಕಟಿಕ'. ಅಲ್ಲಿ ಪಾಲಕರಾಜನು ರಂಗಕ್ಕೆ ಬರುವುದೇ ಇಲ್ಲ. ಅವನ ಬದಲಾಗಿ ಬರುವವನು ಅವನ ಮೈದುನ, ಸಕಾರವನ್ನು ಶಕಾರವನ್ನಾಗಿ ನುಡಿಯುವ ಸಂಸ್ಥಾನಕನು. ಕುಂತಿಯನ್ನು ರಾವಣನ ವಶಕ್ಕೆ ಕೊಡುವಷ್ಟು ಅವನ ಪುರಾಣಜ್ಞಾನ! ಸಭಿಕರು ಇದಕ್ಕೆ ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಒಂಬತ್ತನೆಯ ಅಂಕದಲ್ಲಿ ಈ ಮೂಢನೇ ನ್ಯಾಯಸ್ಥಾನಕ್ಕೆ ಬಂದು, ತನ್ನ ವ್ಯವಹಾರವನ್ನು ಇಂದೇ ವಿಚಾರಿಸದಿದ್ದರೆ ಭಾವನಿಗೆ ಹೇಳಿ ಅಧಿಕರಣಿಕನನ್ನು ತೆಗೆಸಿಬಿಡುವೆನೆಂದು ಬೆದರಿಸುವನು. ಮೊದಲು ಒಲ್ಲೆನೆಂದ ಅಧಿಕರಣಿಕನು ಒಡನೆಯೇ ಒಪ್ಪುವನು. ಇಲ್ಲಿಗೆ ನಗೆಯು ಗಂಟಲಲ್ಲಿ ನಿಲ್ಲುತ್ತದೆ. ಮುಂದೆ ಆ ಅಧಿಕರಣಿಕನು ಮನುವಚನದಂತೆ ಚಾರುದತ್ತನಿಗೆ ದೇಶಭ್ರಷ್ಟತೆಯೇ ಸಾಕೆಂದು ನಿವೇದಿಸಿದರೂ ರಾಜನು ಶೂಲವನ್ನೇ ವಿಧಿಸುವನು. ಕಡೆಗೆ ಗೋಪಾಲಕುಲದ ಆರ್ಯಕನು ಪಾಲಕನನ್ನು ಕೊಂದು ಪಟ್ಟವೇರುವನು. ರಾಜದ್ರೋಹವೇ ಮಂಗಳಾಂತವಾಗಿರುವ ಈ ಪ್ರಕರಣವನ್ನು ನಮ್ಮ ಪಾಠಶಾಲೆಗಳಲ್ಲಿ ವಸಂತಸೇನೆಯ ಪ್ರಣಯಕಥೆಯೆಂದಷ್ಟೇ ಬೋಧಿಸಿಬಿಡುವುದು ಶೋಚನೀಯ.

ಕನ್ನಡ ಚಿತ್ರೋದ್ಯಮದ ಮೊದಲ ಮೂಕಚಿತ್ರಗಳಲ್ಲಿ ಒಂದು ಈ ಕೃತಿಯನ್ನೇ ಆಶ್ರಯಿಸಿದ್ದುದು ಗಮನಾರ್ಹ. ಮೋಹನ ಭವನಾನಿಯವರು ನಿರ್ದೇಶಿಸಿದ ಆ 1931ರ ಚಿತ್ರದಲ್ಲಿ ಏಣಾಕ್ಷಿ ರಾಮರಾಯರೊಡನೆ ಕಮಲಾದೇವಿ ಚಟ್ಟೋಪಾಧ್ಯಾಯರು ಪಾತ್ರ ವಹಿಸಿದ್ದರು. ಹಿಂದಿನ ವರ್ಷವಷ್ಟೇ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದವರು ಅವರು. 1941ರಲ್ಲಿ 'ವಸಂತಸೇನಾ' ವಾಕ್ಚಿತ್ರವೂ, 1984ರಲ್ಲಿ ಗಿರೀಶ ಕಾರ್ನಾಡರ ಹಿಂದೀ 'ಉತ್ಸವ'ವೂ ಬಂದುವು. ಈ ಕೊನೆಯದರಲ್ಲಿ ಶಶಿ ಕಪೂರರು ಶಕಾರನಾಗಿರುವರು. ಶೃಂಗಾರವು ಅಲ್ಲಿ ತುಸು ಹೆಚ್ಚಾಯಿತೆಂಬುದು ನಮ್ಮ ಅಭಿಪ್ರಾಯ.

ಇನ್ನು 1940ರಲ್ಲಿ ಚಾರ್ಲಿ ಚಾಪ್ಲಿನ್ನರು ರಚಿಸಿದ 'ದಿ ಗ್ರೇಟ್ ಡಿಕ್ಟೇಟರ್' ಚಿತ್ರವನ್ನು ಶಕಾರನ ಪಕ್ಕದಲ್ಲಿಟ್ಟು ನೋಡಬೇಕು. ಟೊಮೇನಿಯಾದ ಸರ್ವಾಧಿಕಾರಿ ಹಿಂಕೆಲನು ಜರ್ಮನ್ ಭಾಷೆಯಂತೆ ಕೇಳಿಸುವ ಅರ್ಥಹೀನ ಶಬ್ದರಾಶಿಯಿಂದ ಭಾಷಣ ಮಾಡುವನು. ಭೂಗೋಲವನ್ನು ಬುಗ್ಗೆಯಂತೆ ಚಿಮ್ಮಿಸಿ ಆಡುವನು, ಅದು ಒಡೆಯುವುದು. ಶೂದ್ರಕನೂ ಚಾಪ್ಲಿನ್ನರೂ ಹಿಡಿದ ಮರ್ಮವು ಒಂದೇ: ದರ್ಪವು ಮೊದಲು ಕೆಡಿಸುವುದು ಭಾಷೆಯನ್ನು. ಭೇದವೂ ಉಂಟು. ಶೂದ್ರಕನು ದುಷ್ಟನನ್ನೂ ಸಜ್ಜನನನ್ನೂ ಬೇರೆ ಬೇರೆ ನಟರಿಗೆ ಒಪ್ಪಿಸಿದನು. ಚಾಪ್ಲಿನ್ನರು ಹಿಂಕೆಲನೂ ತಾವೇ, ಯಹೂದಿ ಕ್ಷೌರಿಕನೂ ತಾವೇ ಆಗಿ, ಉಡುಪನ್ನು ತೆಗೆದರೆ ಇಬ್ಬರಿಗೂ ಭೇದವಿಲ್ಲವೆಂದು ತೋರಿಸಿದರು. ಬಂದೀಶಿಬಿರಗಳ ಘೋರವು ಮೊದಲೇ ತಿಳಿದಿದ್ದರೆ ಈ ಚಿತ್ರವನ್ನು ತೆಗೆಯಲಾಗುತ್ತಿರಲಿಲ್ಲವೆಂದು ಅವರೇ 1964ರ ಆತ್ಮಕಥೆಯಲ್ಲಿ ಬರೆದಿರುವರು. ನಗೆಯ ಮೇರೆಯನ್ನು ಕುರಿತು ಇದಕ್ಕಿಂತ ಪ್ರಾಮಾಣಿಕವಾದ ಮಾತು ದುರ್ಲಭ.

ನಮ್ಮ ಬಸವಕಲ್ಯಾಣ, ಹುಮನಾಬಾದು, ನಿರ್ಣಾ ಪ್ರಾಂತದವರಿಗೆ ಈ ವಿಷಯವು ಪರಕೀಯವಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ದಲ್ಲಿ ವಿನೋದಗಳನ್ನೆಲ್ಲ ವರ್ಗೀಕರಿಸಿರುವನು. ಅವೆಲ್ಲವೂ ಅರಸನ ಮನಸ್ಸಂತೋಷಕ್ಕಾಗಿ ಇರತಕ್ಕವು. ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ, ಜನರನ್ನು ನಗಿಸಿ ಬದುಕುತ್ತಿದ್ದ ನಗೆಯ ಮಾರಿತಂದೆಯೂ ವೇಷ ಕಟ್ಟುತ್ತಿದ್ದ ಬಹುರೂಪಿ ಚೌಡಯ್ಯನೂ ಆಸ್ಥಾನವನ್ನು ಬಿಟ್ಟು ಶರಣರ ಗೋಷ್ಠಿಯಲ್ಲಿ ಸಮಾನರಾಗಿ ಕುಳಿತು ವಚನಕಾರರಾದರು. ವಿದೂಷಕನು ಸ್ಥಳವನ್ನು ಬದಲಿಸಿದನು. ಇದು ಸಣ್ಣ ಸಂಗತಿಯಲ್ಲ. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳಿಕೆಯಲ್ಲಿದ್ದ ಈ ಸೀಮೆಯಲ್ಲಿ ಸಾರ್ವಜನಿಕ ಸಭೆ ಸೇರುವುದಕ್ಕೂ ಪೂರ್ವಾನುಮತಿ ಬೇಕಾಗಿದ್ದುದನ್ನೂ ಇಲ್ಲಿ ಸ್ಮರಿಸಬಹುದು.

ಪ್ರಭುಗಳು ನಗೆಗೆ ಅಂಜುವರೆಂಬುದಕ್ಕೆ ಶಾಸನಗಳೇ ಸಾಕ್ಷಿ. 1876ರಲ್ಲಿ ಕಲಕತ್ತೆಯ ರಂಗದ ಮೇಲೆ, ವೇಲ್ಸಿನ ಯುವರಾಜನನ್ನು ತನ್ನ ಅಂತಃಪುರಕ್ಕೆ ಕರೆದೊಯ್ದ ವಕೀಲನೊಬ್ಬನನ್ನು ಗೇಲಿಮಾಡಿದ 'ಗಜದಾನಂದ' ಪ್ರಹಸನವು ಬಂದೊಡನೆ, ಅದೇ ವರ್ಷ ನಾಟಕಪ್ರದರ್ಶನ ಕಾಯಿದೆಯು ಹುಟ್ಟಿತು. ಫ್ರಾನ್ಸಿನಲ್ಲಿ ಜಾನ್ ವೀಗೋ ತೆಗೆದ ವಿದ್ಯಾರ್ಥಿಗಳ ದಂಗೆಯ ಚಿತ್ರ 'ಝೀರೋ ದ ಕಾಂಡ್ವೀಟ್' 1933ರಲ್ಲಿ ನಿಷೇಧಿಸಲ್ಪಟ್ಟು, ಮಹಾಯುದ್ಧವು ಮುಗಿಯುವತನಕ ಬೆಳಕು ಕಾಣಲಿಲ್ಲ. ಸ್ವತಂತ್ರಭಾರತವೂ ಇದಕ್ಕೆ ಹೊರತಾಗಲಿಲ್ಲ: ಅಮೃತ ನಾಹಟಾ ಅವರ 'ಕಿಸ್ಸಾ ಕುರ್ಸೀ ಕಾ' ಚಿತ್ರದ ಪ್ರತಿಗಳನ್ನು 1975ರ ತುರ್ತುಪರಿಸ್ಥಿತಿಯಲ್ಲಿ ವಶಪಡಿಸಿಕೊಂಡು ಸುಡಲಾಯಿತು. ಅವರು ಅದನ್ನು ಮತ್ತೆ ಚಿತ್ರೀಕರಿಸಿ 1978ರಲ್ಲಿ ಬಿಡುಗಡೆ ಮಾಡಿದರು. ಅದೇ ವರ್ಷ ಕನ್ನಡದಲ್ಲಿ ಎಂ. ಎಸ್. ಸತ್ಯು ಅವರ ರಾಜಕೀಯವಿಡಂಬನೆ 'ಚಿತೆಗೂ ಚಿಂತೆ' ತೆರೆಗೆ ಬಂದಿತು. ಪ್ರಹಸನಲಕ್ಷಣವನ್ನು ಬೋಧಿಸುವ ಅಧ್ಯಾಪಕರು ಅದನ್ನು 'ಹಾಸ್ಯಾರ್ಣವ'ದೊಡನೆ ಹೋಲಿಸಿ ಪರಿಶೀಲಿಸುವ ಕಾರ್ಯವು ಇನ್ನೂ ಉಳಿದಿದೆ.