ಅಚ್ಚುಕೂಟದಿಂದ ಪರದೆಗೆ ಬಂದ ಖಾಲಿ ಜಾಗ

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಮುದ್ರಣಾಲಯದ ಖಾನೆಗಳಲ್ಲಿ ಅಕ್ಷರಗಳ ಮೊಳೆಗಳ ಜೊತೆಗೆ ಏನನ್ನೂ ಅಚ್ಚು ಮಾಡದ ಮೊಳೆಗಳೂ ಇರುತ್ತಿದ್ದವು. ಪದಗಳ ನಡುವೆ ಇಡಲು ಗಿಡ್ಡನೆಯ ತುಂಡುಗಳು, ಸಾಲುಗಳ ನಡುವೆ ತೂರಿಸಲು ಸೀಸದ ಪಟ್ಟಿಗಳು. ಕಾಗದದ ಮೇಲೆ ಇವು ಮೂಡುತ್ತಿರಲಿಲ್ಲ. ಆದರೆ ಇವಿಲ್ಲದೆ ಪುಟ ಬಿಗಿಯಾಗಿ ನಿಲ್ಲುತ್ತಿರಲಿಲ್ಲ. ಖಾಲಿ ಜಾಗವೂ ಅಳೆದು ಇಡಬೇಕಾದ ಒಂದು ವಸ್ತು ಎಂಬುದು ಮೊಳೆ ಜೋಡಿಸುವವರಿಗೆ ಯಾರೂ ಹೇಳಿಕೊಡದೆಯೇ ಗೊತ್ತಿತ್ತು. ಕಂಪ್ಯೂಟರ್ ಪರದೆಯ ಮೇಲೆ ಕಿಟಕಿಗಳನ್ನೂ ಬಟನ್‌ಗಳನ್ನೂ ಜೋಡಿಸಲು ಹೊರಟವರು ಅದೇ ಪಾಠವನ್ನು ಹೊಸದಾಗಿ ಕಲಿಯಬೇಕಾಯಿತು.

1984ರ ಜನವರಿಯಲ್ಲಿ ಆಪಲ್ ಕಂಪೆನಿಯ ಮೆಕಿಂಟೋಷ್ ಬಂದಾಗ ಅದರ ಪರದೆಯಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕೆಗಳಿದ್ದವು. ಯಾರ ಮನೆಯ ಯಂತ್ರದಲ್ಲಿ ನೋಡಿದರೂ ಅದೇ ಪರದೆ. ಹೀಗಾಗಿ ಬಟನ್ ಯಾವ ಚುಕ್ಕೆಯಿಂದ ಯಾವ ಚುಕ್ಕೆಯವರೆಗೆ ಎಂದು ಅಂಕಿಯಲ್ಲಿ ಬರೆದಿಟ್ಟರೆ ಕೆಲಸ ಮುಗಿಯುತ್ತಿತ್ತು. ಎರಡು ಬಟನ್‌ಗಳ ನಡುವಣ ಅಂತರಕ್ಕೆ ಸ್ವಂತ ಹೆಸರೂ ಇರಲಿಲ್ಲ, ಅಳತೆಯೂ ಇರಲಿಲ್ಲ, ಉಳಿದದ್ದೇ ಅಂತರ. 1991ರಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಷುಯಲ್ ಬೇಸಿಕ್ ಈ ವಿಧಾನವನ್ನು ಇನ್ನಷ್ಟು ಸುಲಭಗೊಳಿಸಿತು. ಚುಕ್ಕಿಯಿಟ್ಟ ಅಂಗಳದಲ್ಲಿ ರಂಗೋಲಿ ಎಳೆದ ಹಾಗೆ, ಮೌಸ್‌ನಿಂದ ಎಳೆದು ಬೇಕಾದಲ್ಲಿ ಬಿಟ್ಟರಾಯಿತು. ಅದರ ಅಳತೆಯ ಮೂಲಮಾನ ‘ಟ್ವಿಪ್’, ಅಂಗುಲಕ್ಕೆ 1440. ಇದು ಅಚ್ಚಿನವರು ಬಳಸುವ ಪಾಯಿಂಟ್‌ನ ಇಪ್ಪತ್ತನೆಯ ಒಂದು ಭಾಗ ಎಂಬುದು ಕುತೂಹಲದ ಸಂಗತಿ.

ಕಣ್ಣಳತೆಯ ಈ ಜೋಡಣೆ ಇಂಗ್ಲಿಷಿಗೆ ಚೆನ್ನಾಗಿಯೇ ಒಗ್ಗಿತು. ತೊಂದರೆ ಶುರುವಾದದ್ದು ಬೇರೆ ಭಾಷೆಗಳು ಬಂದಾಗ. ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರದ ‘ಸೇವ್’ ಜರ್ಮನ್ ಭಾಷೆಯಲ್ಲಿ ಒಂಬತ್ತು ಅಕ್ಷರವಾಗಿ ಪಕ್ಕದ ಬಟನ್ನಿನ ಮೇಲೆ ಏರುತ್ತದೆ. ಕನ್ನಡದ ಕಷ್ಟ ಅಗಲದ್ದಲ್ಲ, ಎತ್ತರದ್ದು. ‘ಉಳಿಸು’ ಎಂಬುದು ಪುಟ್ಟ ಪದವೇ. ಆದರೆ ‘ರಾಷ್ಟ್ರ’ ಎಂದು ಬರೆದರೆ ಷಕಾರಕ್ಕೆ ಎರಡು ಒತ್ತುಗಳು ಜೋತುಬೀಳುತ್ತವೆ. ‘ಕ್ಲಿಷ್ಟ’ದಲ್ಲಿ ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿ ಬಂತು. ಆದರೆ ರೋಮನ್ ಅಕ್ಷರದ ಎತ್ತರಕ್ಕೆಂದೇ ಅಂಕಿ ಬರೆದಿಟ್ಟ ಬಟನ್‌ನಲ್ಲಿ ಒತ್ತು ಕತ್ತರಿಸಿಹೋದರೆ ಓದುವುದು ಹೇಗೆ? ಕನ್ನಡದಲ್ಲಿ ಒತ್ತು ಹೋದರೆ ಅಂದ ಮಾತ್ರವಲ್ಲ, ಪದವೇ ಹೋಗುತ್ತದೆ.

ಇದಕ್ಕೆ ಪರಿಹಾರದ ಬೀಜ ಬಿದ್ದದ್ದು ಮತ್ತೆ ಅಚ್ಚಿನ ಹೊಲದಲ್ಲೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ನೋಡಿ ಬೇಸತ್ತು, 1977ರಲ್ಲಿ ಅಕ್ಷರ ಜೋಡಿಸುವ ತಂತ್ರಾಂಶವನ್ನು ತಾವೇ ಬರೆಯಲು ಕುಳಿತರು. ಅದೇ ‘ಟೆಕ್’. ಅದರಲ್ಲಿ ಪ್ರತಿ ಅಕ್ಷರವೂ ಒಂದು ಪೆಟ್ಟಿಗೆ. ಪೆಟ್ಟಿಗೆಗಳ ನಡುವೆ ಇರುವುದು ‘ಗ್ಲೂ’, ಅಂದರೆ ಅಂಟು. ಈ ಅಂಟಿಗೆ ಮೂರು ಗುಣ: ಸಹಜವಾಗಿ ಎಷ್ಟು ಅಗಲ, ಎಷ್ಟು ಹಿಗ್ಗಬಹುದು, ಎಷ್ಟು ಕುಗ್ಗಬಹುದು. ವರ್ತನೆಯಲ್ಲಿ ಇದು ಅಂಟಲ್ಲ, ಸ್ಪ್ರಿಂಗು. ಕ್ನೂತ್ ಅವರೇ ಇದನ್ನು ಒಪ್ಪಿಕೊಂಡರು. ಅಷ್ಟರಲ್ಲಿ ಹೆಸರು ಅಂಟಿಕೊಂಡಾಗಿತ್ತು!

ಅದೇ ಸ್ಟ್ಯಾನ್‌ಫರ್ಡ್‌ನಲ್ಲಿ 1980ರ ದಶಕದಲ್ಲಿ ಮಾರ್ಕ್ ಲಿಂಟನ್, ಜಾನ್ ವ್ಲಿಸೈಡ್ಸ್, ಪಾಲ್ ಕಾಲ್ಡರ್ ಅವರು ರೂಪಿಸಿದ ‘ಇಂಟರ್‌ವ್ಯೂಸ್’ ತಂತ್ರಾಂಶವು ಈ ಪೆಟ್ಟಿಗೆ ಮತ್ತು ಅಂಟನ್ನು ಪುಟದಿಂದ ಪರದೆಗೆ ತಂದಿತು. ಕಿಟಕಿಯನ್ನು ಎಳೆದು ಹಿಗ್ಗಿಸಿದರೆ ನಡುವಣ ಅಂಟೂ ಹಿಗ್ಗುತ್ತದೆ. ಅಂತರವೆಂಬುದು ಉಳಿಕೆಯ ಸ್ಥಾನದಿಂದ ಬಡ್ತಿ ಪಡೆದು ಒಂದು ಭಾಗವೇ ಆಯಿತು.

1996ರಲ್ಲಿ ಸನ್ ಕಂಪೆನಿಯ ಜಾವಾ ಭಾಷೆಯ ಮೊದಲ ಆವೃತ್ತಿ ಬಂತು. ಒಮ್ಮೆ ಬರೆದ ಕಾರ್ಯಕ್ರಮ ಎಲ್ಲ ಬಗೆಯ ಯಂತ್ರಗಳಲ್ಲೂ ನಡೆಯಬೇಕೆಂಬುದು ಜಾವಾದ ಪ್ರತಿಜ್ಞೆ. ಪರದೆಯ ಅಳತೆ ಮೊದಲೇ ತಿಳಿಯುವಂತಿಲ್ಲ. ಆದ್ದರಿಂದ ಜೋಡಣೆಯನ್ನು ನೋಡಿಕೊಳ್ಳಲು ‘ಲೇಔಟ್ ಮ್ಯಾನೇಜರ್’ ಎಂಬ ಮೇಸ್ತ್ರಿಗಳನ್ನು ನೇಮಿಸಲಾಯಿತು. ಒಬ್ಬ ಮೇಸ್ತ್ರಿ ಯಾರೂ ಕೇಳದೆಯೇ ನಡುವೆ 5 ಚುಕ್ಕೆ ಬಿಡುತ್ತಾನೆ. ಇನ್ನೊಬ್ಬ ಹೇಳದಿದ್ದರೆ ಒಂದೂ ಬಿಡುವುದಿಲ್ಲ. ‘ಗ್ರಿಡ್‌ಬ್ಯಾಗ್’ ಎಂಬ ಮೂರನೆಯವನಿಗೆ ಪ್ರತಿ ಬಟನ್ನಿಗೂ 11 ಸೂಚನೆ ಕೊಡಬಹುದು. ಸುತ್ತಲಿನ ಅಂತರದ ಸೂಚನೆಯೊಂದರಲ್ಲೇ ಮೇಲೆ, ಎಡ, ಕೆಳಗೆ, ಬಲ ಎಂದು ನಾಲ್ಕು ಅಂಕಿ. ಇವನ ಹೆಸರೆತ್ತಿದರೆ ಮುಖ ಸಿಂಡರಿಸುವ ಕಾರ್ಯಕ್ರಮಕಾರರಿಗೆ ಇಂದಿಗೂ ಕೊರತೆಯಿಲ್ಲ. 1998ರ ಕೊನೆಗೆ ಬಂದ ಜಾವಾದ ಎರಡನೆಯ ತಲೆಮಾರಿನಲ್ಲಿ ‘ಗ್ಲೂ’ ತನ್ನ ಹಳೆಯ ಹೆಸರಿನಲ್ಲೇ ಕಾಣಿಸಿಕೊಂಡಿತು.

ಆದರೂ ಅಂಕಿಯ ಚಟ ಬಿಡಲಿಲ್ಲ. ಪರದೆಯ ಚುಕ್ಕೆಗಳು ಒತ್ತೊತ್ತಾದಂತೆ 5 ಚುಕ್ಕೆಯ ಅಂತರ ನೂಲಿನಷ್ಟಾಯಿತು. 2006ರ ಕೊನೆಗೆ ಬಂದ ಜಾವಾ 6 ಬೇರೆ ದಾರಿ ಹಿಡಿಯಿತು. ಎರಡು ಭಾಗಗಳು ಪರಸ್ಪರ ಸಂಬಂಧವುಳ್ಳವೋ ಅಲ್ಲವೋ ಎಂದಷ್ಟೇ ಹೇಳಿದರೆ ಸಾಕು, ಎಷ್ಟು ಚುಕ್ಕೆ ಎಂಬುದನ್ನು ವ್ಯವಸ್ಥೆಯೇ ತೀರ್ಮಾನಿಸುತ್ತದೆ. ನೆಂಟರು ಹತ್ತಿರ, ಇತರರು ಸ್ವಲ್ಪ ದೂರ. ಇಷ್ಟೂ ವರ್ಷಗಳ ಪ್ರಯತ್ನಗಳಲ್ಲಿ ಇದೇ ಹೆಚ್ಚು ವಿವೇಕದ್ದು ಎನ್ನಬೇಕು. 2011ರಲ್ಲಿ ಆಪಲ್ ತನ್ನ ‘ಲಯನ್’ ವ್ಯವಸ್ಥೆಯಲ್ಲಿ ಅಂತರಗಳನ್ನು ಸಮೀಕರಣಗಳಂತೆ ಬಿಡಿಸುವ ಕ್ರಮ ತಂದಿತು. ಅದರ ಹಿಂದಿನ ಗಣಿತ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡದ್ದು. ಅದಕ್ಕೆ ಇಟ್ಟ ಹೆಸರು ‘ಕ್ಯಾಸೋವರಿ’, ಹಾರಲಾರದ ಒಂದು ಹಕ್ಕಿಯದು. ಇಲ್ಲಿ ಎಡ, ಬಲ ಎನ್ನುವ ಬದಲು ಸಾಲಿನ ಮೊದಲು, ಕೊನೆ ಎಂದು ಹೇಳಬಹುದು. ಬಲದಿಂದ ಎಡಕ್ಕೆ ಓದುವ ಅರಬ್ಬಿಗೆ ಇಡೀ ಕಿಟಕಿಯೇ ತಿರುಗಿಕೊಳ್ಳುತ್ತದೆ.

ಕನ್ನಡದ ಬಟನ್ನೂ ಈ ಏರ್ಪಾಡಿನಲ್ಲಿ ತನ್ನ ಒತ್ತುಗಳಿಗೆ ಬೇಕಾದಷ್ಟು ಎತ್ತರವನ್ನು ತಾನೇ ಪಡೆದುಕೊಳ್ಳುತ್ತದೆ, ಕಾರ್ಯಕ್ರಮ ಬರೆದವರು ಎತ್ತರವನ್ನು ಅಂಕಿಯಲ್ಲಿ ಕಟ್ಟಿಹಾಕಿರದಿದ್ದರೆ.