ಕೀ ತೆಗೆದರೂ ನಿಲ್ಲದ ಯಂತ್ರ

ಗದಗಕ್ಕೆ ರೈಲು 1884ರಲ್ಲೇ ಬಂತು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಿಗೆ ಇವತ್ತಿಗೂ ಹಳಿ ಇಲ್ಲ. ಆ ಸೀಮೆಯ ಹತ್ತಿ, ಶೇಂಗಾ, ಮೆಣಸಿನಕಾಯಿ, ಉಳ್ಳಾಗಡ್ಡಿ ಗದಗ-ಬೆಟಗೇರಿಯ ಪೇಟೆ ಮುಟ್ಟಿದ್ದು ಮೊದಲು ಚಕ್ಕಡಿಯಲ್ಲಿ, ಆಮೇಲೆ ಲಾರಿಯಲ್ಲಿ. ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರ 1976ರಲ್ಲಿ ಒಂದೇ ಲಾರಿಯಿಂದ ವ್ಯವಹಾರ ಆರಂಭಿಸಿದ್ದೂ ಗದಗದಲ್ಲೇ. ಲಾರಿ ಇದ್ದಲ್ಲಿ ಗ್ಯಾರೇಜು, ಗ್ಯಾರೇಜು ಇದ್ದಲ್ಲಿ ಬ್ಯಾಟರಿ ಅಂಗಡಿ, ಅದರ ಪಕ್ಕ ವೈರಿಂಗ್ ಮಿಸ್ತ್ರಿ. ಗಾಡಿಯೊಳಗೆ ಹೊಸದೇನೇ ಬರಲಿ, ಅದಕ್ಕೆ ಕರೆಂಟ್ ಎಲ್ಲಿಂದ ಎಳೆಯಬೇಕು, ಸ್ವಿಚ್ ಎಲ್ಲಿ ಕೂರಿಸಬೇಕು ಎಂಬುದು ಈ ಮಿಸ್ತ್ರಿಯ ತಲೆನೋವು. ಕಾರಿನಲ್ಲಿ ಕೂರಿಸಿದ ಕಂಪ್ಯೂಟರಿಗೆ ಕೈಸ್ವಿಚ್ ಕೊಡುವುದು ಆ ಹಳೆಯ ಕಸುಬಿನದೇ ಮುಂದುವರಿಕೆ.

ಮೊದಮೊದಲ ಮೋಟಾರುಗಳಿಗೆ ಹ್ಯಾಂಡಲ್ ಹಾಕಿ ತಿರುವಬೇಕಿತ್ತು. ಇಂಜಿನ್ ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ, ಬ್ಯಾಟರಿಯಿಂದ ಇಂಜಿನ್ ತಿರುಗಿಸುವ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಬ್ಯಾಟರಿಯ ಯೋಗ್ಯತೆಯೇ ಬದಲಾಯಿತು. ಆದರೂ ಕೀ ತಿರುಗಿಸಿದರೆ ಇಂಜಿನ್ ಏಳುವ ಅನುಕೂಲ ಎಲ್ಲ ಗಾಡಿಗಳಿಗೆ ಕೂಡಲೇ ಬರಲಿಲ್ಲ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಸ್ಟಾರ್ಟರ್ ಸ್ವಿಚ್ ಇದ್ದದ್ದು ಕಾಲಬುಡದಲ್ಲಿ.

ಡೀಸೆಲ್ ಲಾರಿಯ ಕಥೆ ಇನ್ನೂ ಬೇರೆ. ಟಾಟಾ ಕಂಪನಿ 1954ರಲ್ಲಿ ಮರ್ಸಿಡಿಸ್-ಬೆಂಜ್ ಜೊತೆಗೂಡಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಹಳೆಯ ಡೀಸೆಲ್ ಇಂಜಿನ್ ಒಮ್ಮೆ ಎದ್ದರೆ ಅದಕ್ಕೆ ಕಿಡಿಯೂ ಬೇಡ, ಬ್ಯಾಟರಿಯೂ ಬೇಡ. ಪಂಪಿನಿಂದ ಡೀಸೆಲ್ ಬರುತ್ತಿರುವವರೆಗೆ ಓಡುತ್ತಲೇ ಇರುತ್ತದೆ. ಕೀ ತೆಗೆದು ಜೇಬಿಗೆ ಹಾಕಿಕೊಂಡರೂ ನಿಲ್ಲುವುದಿಲ್ಲ. ನಿಲ್ಲಿಸಲು ಬೇರೆಯೇ ಒಂದು ಗುಬುಟು ಎಳೆಯಬೇಕು. ಯಂತ್ರದ ಬಾಳು ಕೀಯ ಕೈಯಲ್ಲಿಲ್ಲ ಎಂಬುದು ಲಾರಿ ಡ್ರೈವರಿಗೆ ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಗೊತ್ತಿದ್ದ ಸಂಗತಿ.

ಆಮೇಲೆ ಬಂದದ್ದು ದನಿ. ಜಾತ್ರೆಗೆ ಬೀಡುಬಿಟ್ಟ ನಾಟಕ ಕಂಪನಿ, ಹೊಸ ಸಿನಿಮಾ, ಚುನಾವಣೆ, ಎಲ್ಲದಕ್ಕೂ ಪ್ರಚಾರದ ಗಾಡಿ ಬೇಕು. ಮೇಲೆ ಹಾರ್ನ್ ಸ್ಪೀಕರ್, ಒಳಗೆ ಮನೆಯ ಕರೆಂಟಿಗೂ 12 ವೋಲ್ಟ್ ಬ್ಯಾಟರಿಗೂ ಓಡುವ ಆಂಪ್ಲಿಫಯರ್. ಇಂಜಿನ್ ಆರಿಸಿ ಊರ ಮುಂದೆ ತಾಸುಗಟ್ಟಲೆ ಕೂಗಿದರೆ ಬ್ಯಾಟರಿ ಇಳಿಯುತ್ತಿತ್ತು, ಮುಂದಿನ ಊರಿಗೆ ಹೊರಡಲು ಗಾಡಿ ತಳ್ಳಬೇಕಾಗುತ್ತಿತ್ತು. ಹೆಚ್ಚಿನ ಸಾಮಾನಿಗೆ ಬೇರೆ ಫ್ಯೂಸು, ಬೇರೆ ಸ್ವಿಚ್ಚು ಎಂಬ ಪಾಠ ಕಲಿಸಿದ್ದು ಇಂಥ ತಳ್ಳಾಟವೇ.

ದೊಡ್ಡ ಲಾರಿ-ಬಸ್ಸುಗಳಲ್ಲಿ ಇನ್ನೊಂದು ಬಲೆ ಇತ್ತು. ಎರಡು ಬ್ಯಾಟರಿ ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಟೇಪ್ ರೆಕಾರ್ಡರಿಗೆ ಬೇಕಾದದ್ದು 12. ಒಂದೇ ಬ್ಯಾಟರಿಯಿಂದ ವೈರ್ ಎಳೆದುಬಿಡುವುದು ಸುಲಭದ ದಾರಿ. ಹಾಡೇನೋ ಬರುತ್ತದೆ. ಆದರೆ ಆ ಬ್ಯಾಟರಿ ದಿನವೂ ಅರ್ಧ ಹಸಿದಿರುತ್ತದೆ, ಜೊತೆಯದು ಅತಿಯಾಗಿ ಚಾರ್ಜಾಗಿ ನೀರು ಕುದಿಸಿಕೊಳ್ಳುತ್ತದೆ, ಕೊನೆಗೆ ಎರಡೂ ಕೆಡುತ್ತವೆ. ನಡುವೆ 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕುವವನೇ ಸರಿಯಾದ ಮಿಸ್ತ್ರಿ.

ಮುಂದೆ ಗಡಿಯಾರವಿರುವ, ರೇಡಿಯೊ ಸ್ಟೇಷನ್ ನೆನಪಿಟ್ಟುಕೊಳ್ಳುವ ಕಾರ್ ಸ್ಟೀರಿಯೊ ಬಂತು. ಅದಕ್ಕೆ ಎರಡು ಜೀವಂತ ವೈರು: ಸದಾ ಕರೆಂಟಿರುವ ಹಳದಿ, ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಕೆಂಪು. ಎರಡನ್ನೂ ಕೂಡಿಸಿ ಕೀಗೆ ಕಟ್ಟಿದರೆ ಪ್ರತಿ ಸಲವೂ ಗಡಿಯಾರ ಸೊನ್ನೆಗೆ ಬರುತ್ತದೆ. ಕಾರಿನ ಕಂಪ್ಯೂಟರಿಗೆ ದಾರಿ ತೆರೆದದ್ದು ಈ ಪುಟ್ಟ ವ್ಯತ್ಯಾಸ.

1995ರಲ್ಲಿ ಇಂಟೆಲ್ ಕಂಪನಿ ಕಂಪ್ಯೂಟರುಗಳಿಗೆ ಎಟಿಎಕ್ಸ್ ಎಂಬ ಮಾದರಿ ತಂದಿತು. ಅದಕ್ಕೆ ಮುಂಚಿನ ಹೆಚ್ಚಿನ ಕಂಪ್ಯೂಟರುಗಳಲ್ಲಿ ಸ್ವಿಚ್ ಎಂದರೆ ಕರೆಂಟ್ ಕಡಿಯುವ ಸ್ವಿಚ್ಚೇ. ಹೊಸ ಮಾದರಿಯಲ್ಲಿ ಗುಂಡಿ ಕೇವಲ ಸನ್ನೆ: ಒತ್ತಿದರೆ ಮದರ್‌ಬೋರ್ಡಿಗೆ ಸುದ್ದಿ ಹೋಗುತ್ತದೆ, ಕಂಪ್ಯೂಟರ್ ಫೈಲುಗಳನ್ನು ಮುಚ್ಚಿಕೊಂಡು ತಾನೇ ಆರುತ್ತದೆ. ಹಾಗಾಗಿ ಡ್ಯಾಶ್‌ಬೋರ್ಡಿನಲ್ಲಿ ಬೇಕಾದದ್ದು ಬೆಲ್ಲಿನಂತೆ ಒತ್ತಿ ಬಿಡುವ ಗುಂಡಿ. ಅದರಿಂದ ಎರಡು ಸಣ್ಣ ವೈರು ಮದರ್‌ಬೋರ್ಡಿನ ಪವರ್ ಸ್ವಿಚ್ ಪಿನ್ನುಗಳಿಗೆ ಹೋಗುತ್ತವೆ. ಯಾವುದು ಎತ್ತ ಎಂಬ ಚಿಂತೆಯಿಲ್ಲ. ಮುಖ್ಯ ಕರೆಂಟಿನ ದಾರಿ ಬೇರೆ: ಬ್ಯಾಟರಿಯ ಬುಡದಲ್ಲೇ ಫ್ಯೂಸ್, ಅಲ್ಲಿಂದ ದಪ್ಪ ವೈರು. 60 ವ್ಯಾಟಿನ ಕಂಪ್ಯೂಟರ್ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ, ತೆಳ್ಳನೆಯ ವೈರು ಬಿಸಿಯಾಗುತ್ತದೆ.

ಹಳೆಯ ಅಭ್ಯಾಸದಂತೆ ಈ ದಪ್ಪ ವೈರಿಗೇ ಟಾಗಲ್ ಸ್ವಿಚ್ ಹಾಕಿ ಓಡುತ್ತಿರುವಾಗಲೇ ಟಕ್ಕನೆ ಆರಿಸಿದರೆ ಬರೆಯುತ್ತಿದ್ದ ಫೈಲು ಕೆಡುತ್ತದೆ. ಸ್ವಿಚ್ಚೇ ಇಲ್ಲದಿದ್ದರೆ ಮತ್ತೊಂದು ನಷ್ಟ. ನಿದ್ದೆಯಲ್ಲಿರುವ ಕಂಪ್ಯೂಟರ್ ಬರೀ 0.2 ಆಂಪಿಯರ್ ಎಳೆದರೂ ಒಂದು ವಾರಕ್ಕೆ 33.6 ಆಂಪಿಯರ್-ಅವರ್ ಆಯಿತು. ಸಣ್ಣ ಕಾರಿನ ಬ್ಯಾಟರಿಯ ಪೂರ್ತಿ ಶಕ್ತಿಯೇ ಸುಮಾರು 35. ಆದ್ದರಿಂದ ಎರಡೂ ಬೇಕು: ದಿನಬಳಕೆಗೆ ಒತ್ತುಗುಂಡಿ, ಗಾಡಿ ನಾಲ್ಕು ದಿನ ನಿಲ್ಲುವುದಾದರೆ ಕಂಪ್ಯೂಟರ್ ಪೂರ್ತಿ ಆರಿದ ಮೇಲೆ ತೆಗೆಯುವ ಮುಖ್ಯ ಸ್ವಿಚ್. ಸೆಲ್ಫ್ ಹೊಡೆದಾಗ ವೋಲ್ಟೇಜ್ ಕುಸಿದು ಕಂಪ್ಯೂಟರ್ ರೀಸೆಟ್ ಆಗುವ ಕಾಟವೂ ಉಂಟು. ಇಂಜಿನ್ ಎದ್ದ ಮೇಲೆ ಗುಂಡಿ ಒತ್ತುವ ರೂಢಿ ಇದ್ದರೆ ಅದೂ ತಪ್ಪುತ್ತದೆ. ಕೈಸ್ವಿಚ್ಚಿನ ನಿಜವಾದ ಲಾಭ ಇಲ್ಲಿದೆ.

ಈಗ ಪ್ರಯಾಣಿಕರ ಬಸ್ಸು, ಟ್ಯಾಕ್ಸಿಗಳಲ್ಲಿ ಡ್ರೈವರ್ ಆರಿಸಬಾರದ ಕಂಪ್ಯೂಟರೂ ಬಂದಿದೆ. ಎಐಎಸ್-140 ನಿಯಮದ ಪ್ರಕಾರ 2019ರ ಜನವರಿಯಿಂದ ನೋಂದಣಿಯಾಗುವ ಇಂಥ ವಾಹನಗಳಲ್ಲಿ ಗಾಡಿ ಎಲ್ಲಿದೆಯೆಂದು ತಿಳಿಸುವ ಉಪಕರಣ ಮತ್ತು ಆಪತ್ತಿನ ಗುಂಡಿ ಇರಬೇಕು. ಗಾಡಿಯ ಬ್ಯಾಟರಿಯ ವೈರ್ ಕಿತ್ತರೂ ಆ ಉಪಕರಣ ತನ್ನದೇ ಒಳಬ್ಯಾಟರಿಯ ಬಲದಿಂದ ಕನಿಷ್ಠ 4 ತಾಸು ಸಂದೇಶ ಕಳಿಸುತ್ತಿರಬೇಕು. ಗದಗದ ಮುಳಗುಂದ ನಾಕಾ ದಾಟಿ ಲಕ್ಷ್ಮೇಶ್ವರದತ್ತ ಹೊರಡುವ ಟ್ಯಾಕ್ಸಿಯಲ್ಲಿ ಸ್ಟೀರಿಯೊಗೆ, ಫ್ಯಾನಿಗೆ ಸ್ವಿಚ್ ಕೊಡುವ ಮಿಸ್ತ್ರಿ ಅದೇ ಡ್ಯಾಶ್‌ಬೋರ್ಡಿನ ಹಿಂದಿರುವ ಈ ಪೆಟ್ಟಿಗೆಯ ವೈರುಗಳನ್ನು ಮುಟ್ಟುವಂತಿಲ್ಲ.